ಕೂರದ ಮಕ್ಕಳು, ಕೂಡುವ ತೂಕ

1960ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಬೆಟ್ರಾಲ್ ಎಂಬ ಮಾತ್ರೆಯ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಆಂಫೆಟಮಿನ್ ಲವಣಗಳನ್ನು ಬೆರೆಸಿ ಮಾಡಿದ ಆ ಮಾತ್ರೆಯ ಕೆಲಸ ಒಂದೇ: ಹಸಿವನ್ನು ಅಡಗಿಸಿ ಬೊಜ್ಜು ಇಳಿಸುವುದು. ಮುಂದಿನ ದಶಕಗಳಲ್ಲಿ ಅದರ ಸೂತ್ರ ಬದಲಾಯಿತು, ಒಡೆತನವೂ ಕೈ ಬದಲಿಸಿತು. 1996ರಲ್ಲಿ ಹಳೆಯ ನೋಂದಣಿ ಸಂಖ್ಯೆಯಲ್ಲೇ ಅದು ಹೊಸ ಹೆಸರು ಹೊತ್ತು ಬಂತು. ಈ ಸಲ ಅದರ ಹೆಸರು ಅಡೆರಾಲ್. ಡಬ್ಬಿಯ ಮೇಲೆ ಬೊಜ್ಜಿನ ಮಾತಿರಲಿಲ್ಲ. ತರಗತಿಯಲ್ಲಿ ಕೂರಲಾರದ, ಹೇಳಿದ್ದರಲ್ಲಿ ಮನಸ್ಸು ನಿಲ್ಲಿಸಲಾರದ ಮಕ್ಕಳ ಔಷಧವೆಂದು ಅದು ಅಂಗಡಿ ಸೇರಿತ್ತು.

ಹಸಿವು ಕುಗ್ಗಿಸುವ ರಾಸಾಯನಿಕವೇ ಗಮನವನ್ನೂ ನಿಲ್ಲಿಸುತ್ತದೆ ಎಂದಾದರೆ, ಮಿದುಳಿನಲ್ಲಿ ಈ ಎರಡು ಕೆಲಸಗಳು ಎಲ್ಲೋ ಕೂಡಿಕೊಂಡಿರಲೇಬೇಕು. ಆದರೂ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯನ್ನು, ಅಂದರೆ ಎಡಿಎಚ್‌ಡಿಯನ್ನು, ನೋಡುವ ಮನೋವೈದ್ಯರೂ ತೂಕವನ್ನು ನೋಡುವ ಹಾರ್ಮೋನು ತಜ್ಞರೂ ಬಹುಕಾಲ ಒಬ್ಬರನ್ನೊಬ್ಬರು ಕೇಳಲಿಲ್ಲ. ಈ ಕ್ಷೇತ್ರ ಬೆಳೆದ ಕಥೆಯೆಂದರೆ ಬಹುಪಾಲು ಆ ತಡವಾದ ಭೇಟಿಯ ಕಥೆ.

ಚಡಪಡಿಕೆಯ ಮಕ್ಕಳು ವೈದ್ಯರ ಕಣ್ಣಿಗೆ ಬಿದ್ದು ನೂರೈವತ್ತು ವರ್ಷಗಳ ಮೇಲಾಯಿತು. ಫ್ರಾಂಕ್‌ಫರ್ಟ್‌ನ ವೈದ್ಯ ಹೈನ್‌ರಿಶ್ ಹಾಫ್‌ಮನ್ 1845ರಲ್ಲಿ ತನ್ನ ಪುಟ್ಟ ಮಗನಿಗಾಗಿ ಚಿತ್ರಕಥೆಗಳ ಪುಸ್ತಕವೊಂದನ್ನು ಹೊರತಂದ. ಅದರ ನಂತರದ ಮುದ್ರಣಗಳಲ್ಲಿ ಫಿಲಿಪ್ ಎಂಬ ಹುಡುಗನಿದ್ದಾನೆ. ಊಟದ ಮೇಜಿನ ಮುಂದೆ ಕುರ್ಚಿ ಹಿಂದೆಮುಂದೆ ಆಡಿಸುತ್ತ, ಕೊನೆಗೆ ಮೇಜಿನ ಬಟ್ಟೆಯನ್ನೇ ಎಳೆದು ಊಟವನ್ನೆಲ್ಲ ನೆಲದ ಪಾಲು ಮಾಡುವ ಹುಡುಗ. ಅದೇ ಪುಸ್ತಕದಲ್ಲಿ ಕಾಸ್ಪರ್ ಎಂಬ ಇನ್ನೊಬ್ಬನಿದ್ದಾನೆ: ದುಂಡುದುಂಡಾಗಿದ್ದವನು ಸೂಪು ಬೇಡವೆಂದು ಹಟ ಹಿಡಿದು ದಿನದಿನಕ್ಕೂ ಸೊರಗುತ್ತಾನೆ. ಚಂಚಲ ಮಗುವೂ ಉಣ್ಣದ ಮಗುವೂ ಒಂದೇ ಪುಸ್ತಕದಲ್ಲಿ, ಆದರೆ ಬೇರೆ ಬೇರೆ ಪುಟಗಳಲ್ಲಿ. ಮುಂದೆ ವೈದ್ಯಶಾಸ್ತ್ರವೂ ಅವರನ್ನು ಹಾಗೆಯೇ ಇಟ್ಟಿತು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 43 ಮಕ್ಕಳನ್ನು ವಿವರಿಸಿ ಕೊಟ್ಟ ಉಪನ್ಯಾಸಗಳನ್ನು ಎಡಿಎಚ್‌ಡಿಯ ಮೊದಲ ವೈದ್ಯಕೀಯ ಚಿತ್ರಣಗಳಲ್ಲಿ ಒಂದೆಂದು ಎಣಿಸುತ್ತಾರೆ. ಅವನ ಕಾಳಜಿಯೆಲ್ಲ ಮಕ್ಕಳ ನಡತೆಯ ಹತೋಟಿಯ ಮೇಲಿತ್ತು.

ಔಷಧ ಸಿಕ್ಕಿದ್ದು ಆಕಸ್ಮಿಕವಾಗಿ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ನರ ಮತ್ತು ನಡವಳಿಕೆಯ ತೊಂದರೆಗಳಿದ್ದ ಮಕ್ಕಳ ವಸತಿ ಆಸ್ಪತ್ರೆಯೊಂದಿತ್ತು. ಅಲ್ಲಿನ ವೈದ್ಯ ಚಾರ್ಲ್ಸ್ ಬ್ರಾಡ್ಲಿ, ಬೆನ್ನುಹುರಿಯ ದ್ರವ ತೆಗೆದು ಮಿದುಳಿನ ಎಕ್ಸ್‌ರೇ ಮಾಡಿಸಿದ ಮಕ್ಕಳಿಗೆ ತೀವ್ರ ತಲೆನೋವು ಬರುತ್ತಿದ್ದುದನ್ನು ಕಂಡು, ಅದನ್ನು ತಗ್ಗಿಸಲು ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಕೊಟ್ಟ. ತಲೆನೋವು ಹೋಗಲಿಲ್ಲ. ಕೆಲವು ಮಕ್ಕಳು ಮಾತ್ರ ಶಾಲೆಯ ಕೆಲಸದಲ್ಲಿ ಎಂದೂ ಇಲ್ಲದಷ್ಟು ಮನಸ್ಸಿಟ್ಟರು. ಗಣಿತ ಸಲೀಸಾಯಿತೆಂದು ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟರು. 1937ರಲ್ಲಿ ಬ್ರಾಡ್ಲಿ 30 ಮಕ್ಕಳ ಫಲಿತಾಂಶ ಪ್ರಕಟಿಸಿದ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಸುಧಾರಣೆ ಎದ್ದುಕಾಣುವಂತಿತ್ತು. ಮರುವರ್ಷವೇ, 1938ರಲ್ಲಿ, ಲೆಸ್ಸಸ್ ಮತ್ತು ಮೈಯರ್ಸನ್ ಎಂಬ ವೈದ್ಯರು ಇದೇ ಬೆಂಜೆಡ್ರಿನ್ ಬೊಜ್ಜಿನ ಚಿಕಿತ್ಸೆಗೆ ನೆರವಾಗುತ್ತದೆಂದು ಬರೆದರು. ಎರಡು ವರದಿಗಳ ನಡುವೆ ಹೆಚ್ಚು ಅಂತರವೇ ಇರಲಿಲ್ಲ. ಆದರೆ ಮಕ್ಕಳ ಬರಹ ಮನೋವೈದ್ಯರ ಕೈ ಸೇರಿತು, ಬೊಜ್ಜಿನ ಬರಹ ದೇಹವೈದ್ಯರ ಕೈ ಸೇರಿತು. ಎರಡನ್ನೂ ಒಟ್ಟಿಗಿಟ್ಟು ಓದಿದ್ದರೆ ಅರವತ್ತು ವರ್ಷ ಉಳಿಯುತ್ತಿತ್ತೇನೋ.

ಮೀಥೈಲ್‌ಫೆನಿಡೇಟ್ 1944ರಲ್ಲಿ ಸ್ವಿಟ್ಜರ್ಲೆಂಡ್‌ನ ಸೀಬಾ ಕಂಪನಿಯಲ್ಲಿ ತಯಾರಾಗಿ, 1950ರ ದಶಕದಲ್ಲಿ ರಿಟಾಲಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬರಬರುತ್ತ ಲಕ್ಷಾಂತರ ಮಕ್ಕಳು ಈ ಬಗೆಯ ಉತ್ತೇಜಕಗಳನ್ನು ಸೇವಿಸತೊಡಗಿದರು. ಆಗ ತೂಕದ ವಿಷಯ ಮೊದಲ ಬಾರಿಗೆ ತಲೆ ಎತ್ತಿತು. 1972ರಲ್ಲಿ ಡೇನಿಯಲ್ ಸೇಫರ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿ ಮಾಡಿದರು: ದೀರ್ಘಕಾಲ ಉತ್ತೇಜಕ ಸೇವಿಸುವ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ, ಬೇಸಿಗೆ ರಜೆಯಲ್ಲಿ ಔಷಧ ನಿಲ್ಲಿಸಿದವರು ಮುಂದುವರಿಸಿದವರಿಗಿಂತ ಬೇಗ ತೂಕ ಗಳಿಸುತ್ತಾರೆ. ತಾಯಂದಿರಿಗೆ ಇದು ಮೊದಲೇ ಗೊತ್ತಿತ್ತು. ಬೆಳಿಗ್ಗೆ ಗುಳಿಗೆ ನುಂಗಿ ಹೋದ ಮಗುವಿನ ಊಟದ ಡಬ್ಬಿ ಸಂಜೆ ಮುಟ್ಟದ ಹಾಗೆಯೇ ವಾಪಸ್ಸು ಬರುತ್ತಿತ್ತು.

ಈ ಆತಂಕಕ್ಕೆ ಗಟ್ಟಿಯಾದ ಅಳತೆ ಸಿಕ್ಕಿದ್ದು, ಎಡಿಎಚ್‌ಡಿಯ ಬೇರೆ ಬೇರೆ ಚಿಕಿತ್ಸೆಗಳನ್ನು ಹೋಲಿಸಿದ ಎಂಟಿಎ ಅಧ್ಯಯನದಿಂದ. 7ರಿಂದ 9 ವರ್ಷದ 579 ಮಕ್ಕಳನ್ನು ಸೇರಿಸಿಕೊಂಡು, 1999ರಲ್ಲಿ ಮೊದಲ ಫಲಿತಾಂಶ ಕೊಟ್ಟ ಈ ಅಧ್ಯಯನ ಮಕ್ಕಳನ್ನು ಅಲ್ಲಿಗೇ ಬಿಡದೆ ಹಿಂಬಾಲಿಸಿತು. ಹೊಸದಾಗಿ ಔಷಧ ಆರಂಭಿಸಿ ಮುಂದುವರಿಸಿದ ಮಕ್ಕಳು ಮೂರು ವರ್ಷಗಳಾಗುವ ಹೊತ್ತಿಗೆ, ಔಷಧವನ್ನೇ ಪಡೆಯದ ಎಡಿಎಚ್‌ಡಿ ಮಕ್ಕಳಿಗಿಂತ ಸರಾಸರಿ 2 ಸೆಂಟಿಮೀಟರ್ ಗಿಡ್ಡವೂ 2.7 ಕಿಲೋ ಹಗುರವೂ ಆಗಿದ್ದರೆಂದು 2007ರ ವರದಿ ಹೇಳಿತು. ಹೀಗೆ ಎಡಿಎಚ್‌ಡಿ ಮತ್ತು ತೂಕ ಎಂದೊಡನೆ ವೈದ್ಯರ ಮನಸ್ಸಿಗೆ ಬರುತ್ತಿದ್ದುದು ಔಷಧದಿಂದ ಸೊರಗಿದ ಮಗು. ಆ ಚಿತ್ರ ಸುಳ್ಳಲ್ಲ. ಆದರೆ ಅದು ಎಷ್ಟು ಬಲವಾಗಿ ಕೂತಿತೆಂದರೆ, ಔಷಧವಿಲ್ಲದ ಮಗುವಿನ ತೂಕ ಎಷ್ಟಿರುತ್ತದೆ ಎಂದು ಕೇಳುವುದೇ ಮರೆತುಹೋಯಿತು.

ಆ ಪ್ರಶ್ನೆ ಬಂದದ್ದು ಬೊಜ್ಜಿನ ಚಿಕಿತ್ಸಾಲಯಗಳಿಂದ. 2002ರಲ್ಲಿ ಜೂಲ್ಸ್ ಆಲ್ಟ್‌ಫಾಸ್ ತನ್ನಲ್ಲಿ ತೂಕ ಇಳಿಸಲು ಬಂದಿದ್ದ 215 ವಯಸ್ಕರ ದಾಖಲೆಗಳನ್ನು ಪರಿಶೀಲಿಸಿದ. ಶೇ 27.4 ಮಂದಿಗೆ ಎಡಿಎಚ್‌ಡಿ ಇತ್ತು. ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ 40 ದಾಟಿದವರಲ್ಲಿ ಅದು ಶೇ 42.6ಕ್ಕೆ ಏರಿತ್ತು. ಮೂರು ವರ್ಷಗಳ ನಂತರ ಇಸ್ರೇಲ್‌ನ ಅಗ್ರನಾತ್-ಮೆಗೆಡ್ ಮತ್ತು ಸಂಗಡಿಗರು ಬೊಜ್ಜಿಗಾಗಿ ಆಸ್ಪತ್ರೆಗೆ ದಾಖಲಾಗಿದ್ದ 26 ಮಕ್ಕಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಅದೇ ತೊಂದರೆ ಕಂಡಿತು. ಅತ್ತ ಜರ್ಮನಿಯಲ್ಲಿ ಹೋಲ್ಟ್‌ಕಾಂಪ್ ತಂಡ ಇನ್ನೊಂದು ತುದಿಯಿಂದ ಹೊರಟಿತ್ತು. 2004ರಲ್ಲಿ ಅದು ನೋಡಿದ 97 ಎಡಿಎಚ್‌ಡಿ ಹುಡುಗರಲ್ಲಿ ಬೊಜ್ಜಿನವರ ಪಾಲು ಅದೇ ವಯಸ್ಸಿನ ಇತರ ಹುಡುಗರಲ್ಲಿ ನಿರೀಕ್ಷಿಸುವುದಕ್ಕಿಂತ ಹೆಚ್ಚಿತ್ತು.

ಇದನ್ನು ನಂಬುವುದು ಸುಲಭವಿರಲಿಲ್ಲ. ಓಡಾಡುತ್ತಲೇ ಇರುವ ಮಗುವಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ ಎನ್ನುವುದು ಮನೆ ಹಿರಿಯರ ಮಾತು. ಅದಕ್ಕೆ ವಿಜ್ಞಾನದ ಬೆಂಬಲವೂ ಇತ್ತು. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಜೇಮ್ಸ್ ಲೆವಿನ್ ತಂಡ 16 ಮಂದಿಗೆ ಎಂಟು ವಾರ ದಿನವೂ 1000 ಕ್ಯಾಲೊರಿ ಹೆಚ್ಚಾಗಿ ಉಣಿಸಿತು. ಒಬ್ಬರ ಮೈಗೆ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋಗೂ ಮೀರಿ ಸೇರಿತು. ವ್ಯತ್ಯಾಸಕ್ಕೆ ದೊಡ್ಡ ಕಾರಣ, ವ್ಯಾಯಾಮವಲ್ಲದ ಸಣ್ಣಪುಟ್ಟ ಚಲನೆಗಳು: ಕಾಲಾಡಿಸುವುದು, ಎದ್ದು ಕೂರುವುದು, ಅತ್ತಿತ್ತ ಸುಳಿಯುವುದು. ಹಾಗಿದ್ದರೆ ಇಂಥ ಚಲನೆಯೇ ಲಕ್ಷಣವಾದ ಮಕ್ಕಳು ತೆಳ್ಳಗಿರಬೇಕಲ್ಲವೇ?

ಉತ್ತರ ದೊಡ್ಡ ಸಂಖ್ಯೆಗಳಿಂದ ಬಂತು. ಮೋಲಿ ವೇರಿಂಗ್ ಮತ್ತು ಕೇಟ್ ಲಪೇನ್ 2008ರಲ್ಲಿ 5ರಿಂದ 17 ವರ್ಷದ 62,887 ಅಮೆರಿಕನ್ ಮಕ್ಕಳ ಸಮೀಕ್ಷೆಯನ್ನು ಬಿಡಿಸಿ ನೋಡಿದರು. ಔಷಧ ಸೇವಿಸುತ್ತಿದ್ದ ಎಡಿಎಚ್‌ಡಿ ಮಕ್ಕಳಲ್ಲಿ ತೂಕ ಕಡಿಮೆಯಿರುವ ಸಾಧ್ಯತೆ ಎಡಿಎಚ್‌ಡಿ ಇಲ್ಲದವರ 1.6 ಪಟ್ಟು, ಸೇವಿಸದವರಲ್ಲಿ ತೂಕ ಮಿತಿಮೀರಿರುವ ಸಾಧ್ಯತೆ 1.5 ಪಟ್ಟು. ಎರಡು ಗುಂಪನ್ನೂ ಕೂಡಿಸಿ ಸರಾಸರಿ ತೆಗೆದರೆ ಒಂದು ಇನ್ನೊಂದನ್ನು ಮರೆಮಾಡುತ್ತಿತ್ತು. ಈ ಸರಳ ವಿಂಗಡಣೆಯೇ ಇಡೀ ಕ್ಷೇತ್ರದ ದಿಕ್ಕು ತಿರುಗಿಸಿದ ಕೆಲಸ ಎಂದರೆ ತಪ್ಪಾಗದು.

2016ರಲ್ಲಿ ಸಾಮ್ಯುಯೆಲೆ ಕೊರ್ತೆಸೆ ನೇತೃತ್ವದ ತಂಡ 42 ಅಧ್ಯಯನಗಳ ಏಳು ಲಕ್ಷಕ್ಕೂ ಹೆಚ್ಚು ಜನರ ಅಂಕಿಅಂಶ ಒಟ್ಟುಗೂಡಿಸಿತು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಶೇ 10.3, ಇಲ್ಲದವರಲ್ಲಿ ಶೇ 7.4, ವಯಸ್ಕರಲ್ಲಿ ಶೇ 28.2 ಮತ್ತು ಶೇ 16.4. ಔಷಧ ಪಡೆಯುತ್ತಿದ್ದವರಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಯಸ್ಸಿನೊಂದಿಗೆ ಅಂತರ ಹಿಗ್ಗುವುದು ಇಲ್ಲಿ ಗಮನಿಸಬೇಕಾದ ಮಾತು. ಅದೇ ಕೊರ್ತೆಸೆ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಬಾಲ್ಯದಲ್ಲಿ ಎಡಿಎಚ್‌ಡಿ ಇದ್ದ ಹುಡುಗರನ್ನು 33 ವರ್ಷಗಳ ನಂತರ ಮತ್ತೆ ತೂಗಿತ್ತು. ನಲವತ್ತು ದಾಟಿದ ಅವರಲ್ಲಿ ಶೇ 41.4 ಮಂದಿ ಬೊಜ್ಜಿನವರು, ಹೋಲಿಕೆಯ ಗುಂಪಿನಲ್ಲಿ ಶೇ 21.6. ಪೆನ್ಸಿಲ್ವೇನಿಯಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಆಸ್ಪತ್ರೆ ದಾಖಲೆಗಳನ್ನು ನೋಡಿದ 2014ರ ಅಧ್ಯಯನ ಮತ್ತೊಂದು ತಿರುವು ತೋರಿಸಿತು: ಉತ್ತೇಜಕ ಸೇವಿಸುವ ಮಕ್ಕಳ ಬಿಎಂಐ ಮೊದಮೊದಲು ನಿಧಾನವಾಗಿ ಏರುತ್ತದೆ, ಆದರೆ ಹದಿಹರೆಯದ ಕೊನೆಗೆ ಓರಗೆಯವರನ್ನು ಹಿಂದಿಕ್ಕುವಷ್ಟು ಮೇಲೆ ಹೋಗುತ್ತದೆ.

ಏಕೆ ಹೀಗೆ ಎಂಬುದನ್ನು ತಿಳಿಯಲು ಹಾರ್ಮೋನುಗಳ ಲೋಕಕ್ಕೆ ಹೋಗಬೇಕು.

1949ರ ಬೇಸಿಗೆಯಲ್ಲಿ ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದ ಪಂಜರವೊಂದರಲ್ಲಿ ವಿಪರೀತ ದಪ್ಪಗಿನ ಇಲಿಗಳು ಕಂಡವು. ಅವು ತಿನ್ನುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಅವುಗಳ ರಕ್ತದಲ್ಲಿ ಯಾವುದೋ ಸಂದೇಶವಾಹಕ ಇಲ್ಲವೆಂದು ಡಗ್ಲಸ್ ಕೋಲ್‌ಮನ್ ಪ್ರಯೋಗಗಳಿಂದ ಊಹಿಸಿದ. 1994ರ ಡಿಸೆಂಬರ್‌ನಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನನ್ನು ಹಿಡಿದುಕೊಟ್ಟಿತು. ಆ ಹಾರ್ಮೋನೇ ಲೆಪ್ಟಿನ್. ಕೊಬ್ಬಿನ ಕೋಶಗಳು ಅದನ್ನು ರಕ್ತಕ್ಕೆ ಬಿಡುತ್ತವೆ; ಉಗ್ರಾಣದಲ್ಲಿ ದಿನಸಿ ಎಷ್ಟಿದೆಯೆಂದು ಮನೆಯೊಡತಿಗೆ ವರದಿ ಒಪ್ಪಿಸುವ ಹಾಗೆ, ದೇಹದಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆಯೆಂದು ಮಿದುಳಿಗೆ ತಿಳಿಸುತ್ತದೆ. ವರದಿ ಬಾರದಿದ್ದರೆ ಮಿದುಳು ಬರಗಾಲವೆಂದೇ ತಿಳಿಯುತ್ತದೆ.

ಮನುಷ್ಯರಲ್ಲಿ ಇದಕ್ಕೆ ಸಾಕ್ಷಿಯಾದವರು ಇಂಗ್ಲೆಂಡ್‌ನಲ್ಲಿದ್ದ, ಪಾಕಿಸ್ತಾನಿ ಮೂಲದ ಕುಟುಂಬದ ಇಬ್ಬರು ಮಕ್ಕಳು, ಒಬ್ಬರಿಗೊಬ್ಬರು ದಾಯಾದಿಗಳು. 1997ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಒರಾಹಿಲಿ ಮತ್ತು ಸದಫ್ ಫಾರೂಕಿ ಅವರ ತಂಡ ಪರೀಕ್ಷಿಸಿದಾಗ ಎಂಟು ವರ್ಷದ ಹುಡುಗಿ 86 ಕಿಲೋ, ಎರಡು ವರ್ಷದ ಹುಡುಗ 29 ಕಿಲೋ ಇದ್ದರು. ಇಬ್ಬರಲ್ಲೂ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ಹುಡುಗಿಗೆ ಲೆಪ್ಟಿನ್ ಚುಚ್ಚುಮದ್ದು ಆರಂಭಿಸಿದ ಮೇಲೆ ಊಟದ ಪ್ರಮಾಣ ತಾನಾಗಿ ಇಳಿಯಿತು, ತೂಕವೂ ಇಳಿಯಿತು. ದಪ್ಪ ಮಕ್ಕಳನ್ನು ಹೊಟ್ಟೆಬಾಕರೆಂದು ಹೀಯಾಳಿಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಲೆಪ್ಟಿನ್‌ಗೆ ಎದುರು ದಿಕ್ಕಿನ ಹಾರ್ಮೋನು 1999ರಲ್ಲಿ ಜಪಾನಿನ ಒಸಾಕಾದಲ್ಲಿ ಸಿಕ್ಕಿತು. ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅದನ್ನು ಬೇರ್ಪಡಿಸಿದ್ದು ಜಠರದಿಂದ. 28 ಅಮೈನೋ ಆಮ್ಲಗಳ ಈ ಪುಟ್ಟ ಅಣುವೇ ಗ್ರೆಲಿನ್. ಊಟದ ಹೊತ್ತಿಗೆ ಮುಂಚೆ ರಕ್ತದಲ್ಲಿ ಅದು ಏರುತ್ತದೆ, ಉಂಡೊಡನೆ ಇಳಿಯುತ್ತದೆ.

ಈವರೆಗಿನದು ಹಸಿವಿನ ಕಥೆ. ಗಮನದ ಕಥೆ ಇದಕ್ಕೆ ಸೇರಿದ್ದು 2006ರಲ್ಲಿ. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ನರಕೋಶಗಳ ಗುಂಪೊಂದಿದೆ. ಯಾವುದು ಬೇಕು, ಯಾವುದಕ್ಕಾಗಿ ಶ್ರಮಪಡಬೇಕು, ಮನಸ್ಸನ್ನು ಯಾವುದರ ಮೇಲೆ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುವ ಜಾಲದ ಬೇರು ಅಲ್ಲಿದೆ. ಲೆಪ್ಟಿನ್ ಬಂದು ಅಂಟಿಕೊಳ್ಳುವ ಗ್ರಾಹಕಗಳು ಈ ಕೋಶಗಳ ಮೇಲೂ ಇವೆ, ಲೆಪ್ಟಿನ್ ಅವುಗಳ ಸದ್ದು ತಗ್ಗಿಸುತ್ತದೆ ಎಂದು ಆ ವರ್ಷ ಎರಡು ಸಂಶೋಧನಾ ತಂಡಗಳು ಪ್ರಾಣಿಗಳಲ್ಲಿ ತೋರಿಸಿದವು. ಗ್ರೆಲಿನ್ ಅದೇ ಕೋಶಗಳನ್ನು ಚುರುಕುಗೊಳಿಸುತ್ತದೆ ಎಂದು ಮೂರನೆಯ ತಂಡ ತೋರಿಸಿತು. ಮರುವರ್ಷ ಫಾರೂಕಿ, ಲೆಪ್ಟಿನ್ ಇಲ್ಲದೆ ಹುಟ್ಟಿದ ಇಬ್ಬರ ಮಿದುಳಿನ ಸ್ಕ್ಯಾನ್ ಪ್ರಕಟಿಸಿದರು. ಚಿಕಿತ್ಸೆಗೆ ಮೊದಲು, ಹೊಟ್ಟೆ ತುಂಬ ಉಂಡ ಮೇಲೂ ತಿನಿಸಿನ ಚಿತ್ರ ಕಂಡರೆ ಅವರ ಡೋಪಮಿನ್ ಜಾಲ ಎಚ್ಚರಗೊಳ್ಳುತ್ತಿತ್ತು. ಏಳು ದಿನ ಲೆಪ್ಟಿನ್ ಕೊಟ್ಟ ಮೇಲೆ ಹಸಿದಾಗ ಮಾತ್ರ. ಇತ್ತ ಮಿದುಳು ಸಂಶೋಧಕಿ ನೋರಾ ವೋಲ್ಕೋ ಅವರ ಗುಂಪು ಬೊಜ್ಜಿರುವವರ ಮಿದುಳಿನಲ್ಲಿ ಡೋಪಮಿನ್‌ನ ಡಿ2 ಗ್ರಾಹಕಗಳು ಕಡಿಮೆಯೆಂದು 2001ರಲ್ಲೂ, ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಅದೇ ಜಾಲದ ಗುರುತುಗಳು ಕುಗ್ಗಿವೆಯೆಂದು 2009ರಲ್ಲೂ ವರದಿ ಮಾಡಿತು. ಉತ್ತೇಜಕ ಔಷಧಗಳು ಡೋಪಮಿನ್ ಹೆಚ್ಚಿಸಿಯೇ ಕೆಲಸ ಮಾಡುವುದು. ಒಬೆಟ್ರಾಲ್‌ಗೂ ಅಡೆರಾಲ್‌ಗೂ ಇರುವ ನಂಟು ಈಗ ಅರ್ಥವಾಗತೊಡಗಿತು.

ಸಹಜವಾಗಿಯೇ ಮುಂದಿನ ಹೆಜ್ಜೆ, ಎಡಿಎಚ್‌ಡಿ ಇರುವವರ ರಕ್ತದಲ್ಲಿ ಈ ಹಾರ್ಮೋನುಗಳನ್ನು ಅಳೆಯುವುದು. 2014ರಲ್ಲಿ ನಾರ್ವೆಯ ಬರ್ಗೆನ್‌ನ ಸಂಶೋಧಕರು ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಅಡಿಪೊನೆಕ್ಟಿನ್ ಎಂಬ ಇನ್ನೊಂದು ಕೊಬ್ಬಿನ ಹಾರ್ಮೋನು ಕಡಿಮೆಯಿದೆಯೆಂದು ಕಂಡರು. ಮಕ್ಕಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡಿದವರು ಟರ್ಕಿಯ ಮಕ್ಕಳ ಮನೋವೈದ್ಯರು. ಔಷಧವನ್ನೇ ಮುಟ್ಟದ ಮಕ್ಕಳನ್ನು ಆರಿಸಿ ಲೆಪ್ಟಿನ್, ಗ್ರೆಲಿನ್, ಅಡಿಪೊನೆಕ್ಟಿನ್ ಅಳೆದರು. ಮೀಥೈಲ್‌ಫೆನಿಡೇಟ್ ಕೊಡುವ ಮುನ್ನ ಮತ್ತು ಕೊಟ್ಟ ಮೇಲೆ ಹೋಲಿಸಿದರು. ಹಸಿವು ಕುಗ್ಗಿದ್ದು ನಿಚ್ಚಳವಾಗಿತ್ತು. ಹಾರ್ಮೋನುಗಳ ಏರಿಳಿತ ಮಾತ್ರ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಹೊಂದಲಿಲ್ಲ.

ಹೊಂದದಿರುವುದಕ್ಕೆ ಕಾರಣಗಳಿವೆ. ಬಹುಪಾಲು ಅಧ್ಯಯನಗಳಲ್ಲಿ ಇದ್ದದ್ದು ಕೆಲವು ಡಜನ್ ಮಕ್ಕಳು. ಗ್ರೆಲಿನ್ ದಿನವಿಡೀ ಏರಿಳಿಯುವಂಥದ್ದು. ಬೆಳಗಿನ ಒಂದೇ ರಕ್ತದ ಮಾದರಿ ಅದರ ಗುಟ್ಟು ಬಿಟ್ಟುಕೊಡದು. ಲೆಪ್ಟಿನ್ ಮೈಯ ಕೊಬ್ಬನ್ನು ಹಿಂಬಾಲಿಸುತ್ತದೆ, ಹುಡುಗಿಯರಲ್ಲಿ ಹೆಚ್ಚು, ಪ್ರೌಢಾವಸ್ಥೆಯಲ್ಲಿ ಬದಲಾಗುತ್ತದೆ. ಇದನ್ನೆಲ್ಲ ಸರಿದೂಗಿಸದೆ ಎರಡು ಗುಂಪುಗಳ ಸರಾಸರಿ ಹೋಲಿಸಿದರೆ ಅಳೆದದ್ದು ಎಡಿಎಚ್‌ಡಿಯನ್ನೋ ತೂಕವನ್ನೋ ಎಂಬುದೇ ತಿಳಿಯುವುದಿಲ್ಲ. ರಕ್ತ ಪರೀಕ್ಷೆಯಿಂದ ಎಡಿಎಚ್‌ಡಿ ಪತ್ತೆ ಎಂಬಂಥ ಜಾಹೀರಾತು ಕಂಡರೆ ಪೋಷಕರು ದೂರವಿರುವುದೇ ಲೇಸು.

ಹಾರ್ಮೋನು ಬದಿಗಿಟ್ಟರೂ ಉಳಿಯುವ ದಾರಿಗಳು ಹಲವು, ಅವಕ್ಕೆ ಪುರಾವೆಯೂ ಹೆಚ್ಚು. ಮೊದಲನೆಯದು ತಿನ್ನುವ ರೀತಿ. ಮುಂದಿರುವ ತಿಂಡಿಯನ್ನು ಕಂಡೂ ಕೈ ತಡೆಯುವುದು, ಹೊಟ್ಟೆ ತುಂಬಿದ್ದನ್ನು ಗಮನಿಸಿ ನಿಲ್ಲಿಸುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಈ ಎಲ್ಲಕ್ಕೂ ಬೇಕಾದ ಹತೋಟಿಯೇ ಎಡಿಎಚ್‌ಡಿಯಲ್ಲಿ ದುರ್ಬಲ. ಶಾನಾ ರೈನ್‌ಬ್ಲಾಟ್ ಮತ್ತು ಸಂಗಡಿಗರು 2015ರಲ್ಲಿ 8ರಿಂದ 14 ವರ್ಷದ 79 ಮಕ್ಕಳನ್ನು ನೋಡಿದಾಗ, ಹತೋಟಿ ತಪ್ಪಿ ತಿನ್ನುವ ಸಾಧ್ಯತೆ ಎಡಿಎಚ್‌ಡಿ ಇರುವವರಲ್ಲಿ ಸುಮಾರು 12 ಪಟ್ಟು ಹೆಚ್ಚು ಕಂಡಿತು. ಲಿಸ್‌ಡೆಕ್ಸಾಂಫೆಟಮಿನ್ ಎಂಬ ಎಡಿಎಚ್‌ಡಿ ಔಷಧಕ್ಕೆ 2015ರ ಜನವರಿಯಲ್ಲಿ ಎಫ್‌ಡಿಎ ವಯಸ್ಕರ ಅತಿಭಕ್ಷಣೆಯ ಚಿಕಿತ್ಸೆಗೂ ಅನುಮತಿ ಕೊಟ್ಟದ್ದು ಈ ನಂಟಿನ ಇನ್ನೊಂದು ಕುರುಹು. ತೂಕ ಇಳಿಸುವ ಔಷಧವಾಗಿ ಅದನ್ನು ಬಳಸಬಾರದೆಂದೂ ಅದೇ ಅನುಮತಿಯಲ್ಲಿ ಹೇಳಿದೆ.

ಎರಡನೆಯದು ನಿದ್ದೆ, ಇಲ್ಲಿ ಹಾರ್ಮೋನು ಮತ್ತೆ ಒಳಬರುತ್ತದೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹಲವರಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಅಂಥವರಲ್ಲಿ ನಿದ್ದೆ ತರುವ ಮೆಲಟೋನಿನ್ ತಡವಾಗಿ ಏರುವುದನ್ನು ಡಚ್ ಸಂಶೋಧಕರು 2005ರಲ್ಲಿ ತೋರಿಸಿದರು. ಅದಕ್ಕೂ ಹಿಂದಿನ ವರ್ಷ ಕರೀನ್ ಸ್ಪೀಗೆಲ್ ಮತ್ತು ಸಂಗಡಿಗರು ಆರೋಗ್ಯವಂತ 12 ಯುವಕರ ನಿದ್ದೆಯನ್ನು ಎರಡು ರಾತ್ರಿ ಮೊಟಕುಗೊಳಿಸಿದಾಗ ಲೆಪ್ಟಿನ್ ಶೇ 18 ಇಳಿದು, ಗ್ರೆಲಿನ್ ಶೇ 28 ಏರಿತ್ತು. ನಿದ್ದೆಗೆಟ್ಟ ಮಗು ಮರುದಿನ ಸಿಹಿ, ಕುರುಕಲಿಗೆ ಹಾತೊರೆಯುವುದು ಹಟವಲ್ಲ.

ಮೂರನೆಯದು ವಂಶವಾಹಿ. ಎಡಿಎಚ್‌ಡಿ ಇರುವ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿದ 2019ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಎಡಿಎಚ್‌ಡಿಯ ಅಪಾಯ ಹೆಚ್ಚಿಸುವ ಜೀನ್ ವ್ಯತ್ಯಾಸಗಳೂ ಬಿಎಂಐ ಹೆಚ್ಚಿಸುವವೂ ಒಂದಷ್ಟು ಮಟ್ಟಿಗೆ ಹಂಚಿಕೊಂಡವೇ ಎಂದು ತಿಳಿಯಿತು. ಸ್ವೀಡನ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿದವರಿಗೆ, ತಾಯಿ ಗರ್ಭ ಧರಿಸುವ ಮುನ್ನ ದಪ್ಪಗಿದ್ದರೆ ಮಗುವಿಗೆ ಎಡಿಎಚ್‌ಡಿ ಬರುವ ಸಾಧ್ಯತೆ ಹೆಚ್ಚೆಂದು ಮೊದಲು ಕಂಡಿತು. ಒಬ್ಬಳೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದಾಗ ಆ ನಂಟು ಕರಗಿಹೋಯಿತು. ಅಂದರೆ ಕಾರಣವಿದ್ದದ್ದು ತಾಯಿಯ ಆ ತೂಕದಲ್ಲಲ್ಲ, ಕುಟುಂಬ ಹಂಚಿಕೊಂಡ ಜೀನ್ ಮತ್ತು ಪರಿಸರದಲ್ಲಿ. ಎಷ್ಟೋ ತಾಯಂದಿರ ಮೇಲಿಂದ ಅನ್ಯಾಯದ ಹೊರೆಯೊಂದನ್ನು ಈ ಹೋಲಿಕೆ ಇಳಿಸಿತು.

ಇವೆಲ್ಲ ಒಟ್ಟುಗೂಡಿದರೂ, ಸದಾ ಓಡುವ ಮಗು ದಪ್ಪವಾಗುವುದು ಹೇಗೆಂಬ ಒಗಟು ಉಳಿಯುತ್ತದೆ. ಉತ್ತರ ಫಿನ್‌ಲ್ಯಾಂಡ್‌ನಲ್ಲಿ 1985-86ರಲ್ಲಿ ಹುಟ್ಟಿದ ಸುಮಾರು ಏಳು ಸಾವಿರ ಮಕ್ಕಳ ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದೆ. ಎಂಟರ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣಗಳಿದ್ದವರು ಹದಿನಾರರಲ್ಲಿ ಬೊಜ್ಜಿನವರೂ ದೈಹಿಕ ಚಟುವಟಿಕೆ ಕಡಿಮೆ ಇರುವವರೂ ಆಗುವ ಸಾಧ್ಯತೆ ಹೆಚ್ಚಿತ್ತು. ಎಂಟರಲ್ಲಿ ಬೊಜ್ಜಿದ್ದದ್ದು ಹದಿನಾರರ ಎಡಿಎಚ್‌ಡಿಯನ್ನು ಸೂಚಿಸಲಿಲ್ಲ. ವಯಸ್ಸಾದಂತೆ ಮೈಯ ಚಡಪಡಿಕೆ ತಗ್ಗುತ್ತದೆ, ಮನಸ್ಸಿನ ಚಂಚಲತೆ ಉಳಿಯುತ್ತದೆ. ನಿಯಮ ಪಾಲಿಸಲಾಗದೆ ಆಟದ ತಂಡದಿಂದ ಹೊರಬಿದ್ದ ಹುಡುಗ ಮೈದಾನವನ್ನೇ ಬಿಡುತ್ತಾನೆ.

ಈ ಲೆಕ್ಕಗಳೆಲ್ಲ ಬಹುಮಟ್ಟಿಗೆ ಆಹಾರ ಹೇರಳವಾಗಿರುವ ದೇಶಗಳವು. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ತಂಡ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ಕಂಡ ಮಾನಸಿಕ ತೊಂದರೆಗಳ ಸಾಲಿನಲ್ಲಿ ಅತಿಚಟುವಟಿಕೆಯೂ ಇತ್ತು. ಇನ್ನೊಂದೆಡೆ 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ 23 ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದವರು, ಅಧಿಕ ತೂಕದವರು ಶೇ 4ರಷ್ಟು ಮಾತ್ರ. ಮೊದಲೇ ಬಡಕಲಾದ ಮಗುವಿಗೆ ಹಸಿವು ಕುಗ್ಗಿಸುವ ಗುಳಿಗೆ ಬರೆಯುವುದು ಬಾಸ್ಟನ್ನಿನಲ್ಲಿ ಬರೆದಷ್ಟು ಹಗುರವಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೂ ರಾಯಚೂರಿನ ಕೂಲಿಕಾರರ ಮಗುವಿಗೂ ಒಂದೇ ಸಲಹೆ ಒಪ್ಪುವುದಿಲ್ಲ.

ಚಿಕಿತ್ಸೆಯ ನಿಯಮಗಳು ನಿಧಾನವಾಗಿ ಈ ಎರಡೂ ಬಗೆಯ ಮಕ್ಕಳನ್ನು ಕಾಣತೊಡಗಿವೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಂತೆ ಎಡಿಎಚ್‌ಡಿ ಔಷಧ ಪಡೆಯುವ, ಹತ್ತು ವರ್ಷದವರೆಗಿನ ಮಕ್ಕಳನ್ನು ಮೂರು ತಿಂಗಳಿಗೊಮ್ಮೆ ತೂಗಬೇಕು, ಆರು ತಿಂಗಳಿಗೊಮ್ಮೆ ಎತ್ತರ ಅಳೆಯಬೇಕು, ಬೆಳವಣಿಗೆ ನಕ್ಷೆಯಲ್ಲಿ ಗುರುತಿಸಬೇಕು. ತೂಕ ಇಳಿಯುತ್ತಿದ್ದರೆ ಔಷಧವನ್ನು ತಿಂಡಿಯ ಜೊತೆಗೋ ಆಮೇಲೋ ಕೊಡುವುದು, ಅದರ ಪ್ರಭಾವ ಇಳಿದ ಸಂಜೆಯ ಹೊತ್ತಿಗೆ ಮತ್ತೊಮ್ಮೆ ಉಣಿಸುವುದು, ಬೇಕಾದರೆ ರಜೆಯಲ್ಲಿ ಔಷಧಕ್ಕೂ ಬಿಡುವು ಕೊಡುವುದು ಅದರ ಸಲಹೆಗಳು. 2025ರ ಜೂನ್‌ನಲ್ಲಿ ಎಫ್‌ಡಿಎ, ದೀರ್ಘಕಾಲ ಕೆಲಸ ಮಾಡುವ ಉತ್ತೇಜಕಗಳಿಂದ ಆರು ವರ್ಷದೊಳಗಿನ ಮಕ್ಕಳ ತೂಕ ಇಳಿಯುವ ಅಪಾಯವನ್ನು ಔಷಧದ ಮಾಹಿತಿಪತ್ರದಲ್ಲಿ ವಿಸ್ತರಿಸಿ ಬರೆಯಬೇಕೆಂದು ತಯಾರಕರಿಗೆ ಸೂಚಿಸಿತು. ಮರುಬದಿಯ ಕೆಲಸ ಇನ್ನೂ ಅಷ್ಟು ಮುಂದೆ ಹೋಗಿಲ್ಲ. ಕೆನಡಾದಲ್ಲಿ ಏನು ಮಾಡಿದರೂ ತೂಕ ಇಳಿಯದೆ ಸೋತಿದ್ದ, ಎಡಿಎಚ್‌ಡಿ ಇರುವುದೇ ಗೊತ್ತಿರದಿದ್ದ 78 ವಯಸ್ಕರನ್ನು ಲಾನ್ಸ್ ಲೆವಿ ಮತ್ತು ಸಂಗಡಿಗರು ಗುರುತಿಸಿ, 65 ಮಂದಿಗೆ ಚಿಕಿತ್ಸೆ ಕೊಟ್ಟರು. ಸುಮಾರು 15 ತಿಂಗಳಲ್ಲಿ ಅವರ ತೂಕ ಶೇ 12ರಷ್ಟು ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಚಿಕಿತ್ಸೆ ಬೇಡವೆಂದವರ ತೂಕ ಏರಿತ್ತು. ಯಾರಿಗೆ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸದ ಅಧ್ಯಯನ ಅದು, ಇಳಿಕೆಯಲ್ಲಿ ಔಷಧದ ನೇರ ಪರಿಣಾಮವೆಷ್ಟು, ಹಿಡಿದ ಪಥ್ಯವನ್ನು ಪಾಲಿಸಲು ಸಾಧ್ಯವಾದದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೂ ಬೊಜ್ಜಿನ ಚಿಕಿತ್ಸೆಗೆ ಬರುವ ಮಗುವಿನ ಪೋಷಕರನ್ನು ಶಾಲೆಯ ಬಗ್ಗೆ, ಮನೆಪಾಠದ ಬಗ್ಗೆ, ರಾತ್ರಿಯ ನಿದ್ದೆಯ ಬಗ್ಗೆ ನಾಲ್ಕು ಮಾತು ಕೇಳಲು ಅಷ್ಟು ಪುರಾವೆ ಸಾಕು. ಅದಕ್ಕೆ ರಕ್ತ ತೆಗೆಯಬೇಕಿಲ್ಲ, ಹತ್ತು ನಿಮಿಷ ಹೆಚ್ಚು ಕೂತು ಮಾತಾಡುವ ವೈದ್ಯರು ಬೇಕು.